ಆಂಟಿಯ ಕಂಪ್ಯೂಟರಿಗೆ ಕಾವಲಿದ್ದವನು

ಬಸವೇಶ್ವರನಗರದ ಆ ಮನೆಯ ಮೇಲಿನ ಕೋಣೆ ನೋಡಲು ಹೋದ ದಿನ, ಮನೆಯ ಯಜಮಾನಿ ನನ್ನ ಊರು, ಕೆಲಸ, ಊಟದ ರೂಢಿ ಯಾವುದನ್ನೂ ಮೊದಲು ಕೇಳಲಿಲ್ಲ.

"ಪೆನ್ ಡ್ರೈವ್ ಇಟ್ಕೊಂಡಿದೀಯೇನಮ್ಮಾ?" ಎಂದರು.

ಇಲ್ಲವೆಂದೆ.

"ಇದ್ರೂ ಪರ್ವಾಗಿಲ್ಲ, ಕೆಳಗಡೆ ತರಬೇಡ ಅಷ್ಟೇ. ಒಂದೇ ಒಂದ್ ಪ್ರಿಂಟು ಆಂಟಿ ಅಂತ ಬರಬೇಡ. ಮುಂಚೆ ಇದ್ದ ಹುಡ್ಗಿ ಹಂಗೇ ಬಂದು ನನ್ ಸಿಸ್ಟಮ್ಮಿಗೆ ವೈರಸ್ ಹತ್ತಿಸಿ ಹೋದ್ಲು."

ಹತ್ತಿಸಿ ಹೋದಳು ಎಂದಾಗ ಅವರ ಮುಖದಲ್ಲಿ, ಮನೆಗೆ ತಿಗಣೆ ತಂದವಳನ್ನು ನೆನೆದಷ್ಟು ಅಸಹ್ಯವಿತ್ತು. ನಾನು ವಿಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ನನಗೆ ಪ್ರಿಂಟು ಬೇಕಾಗುವ ಪ್ರಸಂಗವೇ ಇರಲಿಲ್ಲ. ಹಾಗೆಂದು ಹೇಳಿದ ಮೇಲೆ ಆಂಟಿ ಕೊಂಚ ಸಡಿಲಾದರು, ಕಾಫಿ ಕೊಟ್ಟರು. ಅವರ ಗಂಡ ಸರ್ಕಾರಿ ಎಂಜಿನಿಯರು. ವರ್ಗವಾಗಿ ಹುಬ್ಬಳ್ಳಿಯಲ್ಲಿದ್ದರು, ರಜೆ ಸಿಕ್ಕಾಗ ಬರುತ್ತಿದ್ದರು. ನಾನು ಹಾವೇರಿಯವಳೆಂದು ತಿಳಿದಾಗ, "ನಮ್ಮನೆಯೋರು ನಿಮ್ ಕಡೆ, ನೀನು ನಮ್ ಕಡೆ. ಸರಿಹೋಯ್ತು ಬಿಡು" ಎಂದು ನಕ್ಕರು.

ಆಂಟಿ ಮನೆಯಲ್ಲೇ ಕೂತು ವಕೀಲರಿಗೆ ಟೈಪು ಮಾಡಿಕೊಡುತ್ತಿದ್ದರು. ಮದುವೆಗೆ ಮುಂಚೆ ಕೋರ್ಟಿನ ಎದುರಿಗಿನ ಟೈಪಿಂಗ್ ಅಂಗಡಿಯಲ್ಲಿ ಶುರುವಾದ ಕೆಲಸ. ಕೀಲಿಮಣೆಯ ಮೇಲೆ ಅವರ ಬೆರಳು ಓಡುವುದು ಕೇಳಿದರೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದೆಯೇನೋ ಅನ್ನಿಸುತ್ತಿತ್ತು. ದಾವೆಗಳು, ಅಫಿಡವಿಟ್ಟುಗಳು, ಸಾಕ್ಷಿಗಳ ಹೇಳಿಕೆಗಳು. ಟೈಪು ಮಾಡುತ್ತಾ ಮಾಡುತ್ತಾ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಅಭ್ಯಾಸವಿತ್ತು. "ನೋಡು ಇವ್ನ, ಮೊದ್ಲು ಮನೇಲಿದ್ದೆ ಅಂತಾನೆ. ಪಾಟೀಸವಾಲಿಗೆ ಬಂದ ತಕ್ಷಣ ಅಂಗ್ಡೀಲಿದ್ದೆ ಅಂತಾನೆ. ಸುಳ್ಳ." ಯಾರ ಕೇಸು, ಏನು ವಿಷಯ ಎಂದು ಮಾತ್ರ ಬಾಯಿಬಿಡುತ್ತಿರಲಿಲ್ಲ. ನಾನು ಕೋಣೆಗೆ ಹೋಗಲು ಅವರ ಮುಂಬಾಗಿಲನ್ನು ದಾಟಬೇಕಾಗಿತ್ತು. ನನ್ನ ನೆರಳು ಬಿದ್ದ ಕೂಡಲೇ ತೆರೆಯ ಮೇಲಿನ ಪುಟವನ್ನು ಕೆಳಗಿಳಿಸುತ್ತಿದ್ದರು.

ಆ ಕಂಪ್ಯೂಟರಿಗೆ ನಡೆಯುತ್ತಿದ್ದ ಮಡಿ ನೋಡಿಯೇ ತಿಳಿಯಬೇಕು. ವಕೀಲರ ಕಚೇರಿಯಿಂದ ಪೆನ್ ಡ್ರೈವ್ ಬಂದರೆ ಮೊದಲು ಅದನ್ನು ಬಟ್ಟೆಯಲ್ಲಿ ಒರೆಸುವರು. ಆಮೇಲೆ ವೈರಸ್ ಪರೀಕ್ಷೆಗೆ ಹಾಕುವರು. ಪರೀಕ್ಷೆ ಮುಗಿಯುವವರೆಗೆ ಕೈಕಟ್ಟಿ ಕೂರುವರು. ತೆರೆಯ ತಲೆಯ ಮೇಲಿನ ಪುಟ್ಟ ಕ್ಯಾಮೆರಾಕ್ಕೆ ಒಂದು ಮೆರೂನು ಬಣ್ಣದ ಸ್ಟಿಕ್ಕರ್ ಬಿಂದಿ ಅಂಟಿಸಿದ್ದರು. ಕೆಲಸ ಮುಗಿದ ಮೇಲೆ ಇಡೀ ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆಯನ್ನು ಹೊದಿಸುವರು.

ಇಷ್ಟು ಅನುಮಾನದ ಹೆಂಗಸು ಒಬ್ಬನನ್ನು ಮಾತ್ರ ಪೂರ್ತಿ ನಂಬಿದ್ದರು. ಅವನು ಫೋನಿನಲ್ಲಿ ಬರುವವನು.

ಬೆಳಿಗ್ಗೆ ನಾನು ಕೆಲಸಕ್ಕೆ ಇಳಿದು ಬರುವಾಗ ಕೆಲವು ದಿನ ಆಂಟಿ ಕುರ್ಚಿಗೊರಗಿ ಕಾಫಿ ಕುಡಿಯುತ್ತಾ, ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಮಾತಾಡುತ್ತಿದ್ದರು. ಎದುರಿಗೆ ತೆರೆಯ ಮೇಲೆ ಬಾಣದ ಗುರುತು ತಾನೇ ತಾನಾಗಿ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿತ್ತು, ಕಿಟಕಿಗಳು ತೆರೆದು ಮುಚ್ಚುತ್ತಿದ್ದವು.

"ಅದು ನಮ್ ಸಿಸ್ಟಮ್ ನೋಡ್ಕೊಳೋ ಹುಡ್ಗ. ದೂರದಿಂದಾನೇ ಕ್ಲೀನ್ ಮಾಡ್ತಾನೆ" ಎಂದರು ಆಂಟಿ ಒಮ್ಮೆ. "ಮದ್ದೂರು ಕಡೆಯೋನು. ನಮ್ಮಮ್ಮನ ಊರಿನ ಹತ್ರಾನೇ. ಎಷ್ಟ್ ಮರ್ಯಾದೆ ಗೊತ್ತಾ? ಅಮ್ಮಾ ಅಂತಾನೇ ಕರೆಯೋದು."

ನನಗದು ವಿಚಿತ್ರವೆನಿಸಲಿಲ್ಲ. ನಮ್ಮ ಅಂಗಡಿಯ ಕಣ್ಣು ಪರೀಕ್ಷೆಯ ಯಂತ್ರ ಕೆಟ್ಟಾಗಲೂ ಕಂಪನಿಯವರು ದೂರದಲ್ಲೇ ಕೂತು ಸರಿಪಡಿಸುತ್ತಿದ್ದರು. ಆ ದನಿಯೂ ಹಾಗಿತ್ತು, ನಿಧಾನ, ನಯ. "ಏನೂ ಮುಟ್ಬೇಡಿ ಅಮ್ಮಾ, ನಾನ್ ನೋಡ್ಕೋತೀನಿ" ಎನ್ನುವುದು ಮೆಟ್ಟಿಲಿನವರೆಗೂ ಕೇಳುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ನಾನು ಮೆಟ್ರೊ ಇಳಿದು, ಆಟೊ ಸಿಗದೆ ನೆನೆದುಕೊಂಡೇ ಮನೆ ಸೇರಿದಾಗ ಆಂಟಿ ಮುಂಬಾಗಿಲಲ್ಲೇ ನಿಂತಿದ್ದರು. ಒಳಗೆ ದೀಪ ಹಚ್ಚಿರಲಿಲ್ಲ.

"ನೀನು ವೈಫೈಲಿ ಏನೇನ್ ನೋಡ್ತೀಯಾ?" ಎಂದರು.

"ಏನೂ ಇಲ್ರೀ ಆಂಟಿ. ಮನೀಗೆ ವಿಡಿಯೊ ಕಾಲ್ ಮಾಡ್ತೀನಿ. ಒಂದೀಟು ಸೀರಿಯಲ್ಲು. ಯಾಕ್ರೀ?"

"ಯಾಕೂ ಇಲ್ಲ" ಎಂದು ಒಳಗೆ ಹೋದರು. ಮೇಲೆ ಬಂದು ನೋಡಿದರೆ ವೈಫೈ ಪಾಸ್‌ವರ್ಡು ಬದಲಾಗಿತ್ತು.

ಆದದ್ದೇನೆಂದು ನನಗೆ ತಿಳಿದದ್ದು ಆಮೇಲೆ, ಆಂಟಿ ಗಂಡನೊಂದಿಗೆ ಫೋನಿನಲ್ಲಿ ಅಳುತ್ತಾ ಹೇಳಿಕೊಳ್ಳುವಾಗ. ಅವರ ಇಮೇಲಿನಿಂದ ಅವರು ಕಳಿಸದೇ ಇದ್ದ ಪತ್ರಗಳು ವಕೀಲರಿಗೂ ಕಕ್ಷಿದಾರರಿಗೂ ಹೋಗಿದ್ದವು. "ನಿಮ್ಮ ಕೇಸಿನ ಆದೇಶ ಲಗತ್ತಿಸಿದೆ, ತೆರೆದು ನೋಡಿ" ಎಂದಿತ್ತಂತೆ. ಅವರಿಗೆ ಮೊದಲಿನಿಂದ ಕೆಲಸ ಕೊಡುತ್ತಿದ್ದ ಹಿರಿಯ ವಕೀಲರು ತೆರೆದು ನೋಡಿದ್ದರು. ಅವರ ಕಚೇರಿಯ ಕಂಪ್ಯೂಟರು ಅಲ್ಲಿಗೇ ಸ್ತಬ್ಧವಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಗಂಡನಿಂದ ಬಿಡುಗಡೆ ಕೇಳಿ ಅರ್ಜಿ ಬರೆಸಿದ್ದ ಒಬ್ಬ ಹೆಣ್ಣುಮಗಳಿಗೆ ಯಾರೋ ಫೋನ್ ಮಾಡಿ, ಅರ್ಜಿಯಲ್ಲಿ ಬರೆದಿದ್ದ ಮನೆಯೊಳಗಿನ ಮಾತುಗಳನ್ನೆಲ್ಲ ಓದಿ ಹೇಳಿ ಹೆದರಿಸಿದ್ದರು. ಅರ್ಜಿ ಇನ್ನೂ ಕೋರ್ಟಿಗೇ ಹೋಗಿರಲಿಲ್ಲ. ಅದು ಇದ್ದದ್ದು ವಕೀಲರಲ್ಲಿ ಮತ್ತು ಆಂಟಿಯ ಕಂಪ್ಯೂಟರಿನಲ್ಲಿ.

"ನಿಮ್ಮ ಟೈಪಿಸ್ಟ್ ಬಿಟ್ಟು ಇನ್ಯಾರಿಗೆ ಗೊತ್ತಿತ್ತು ಅಂತ ಆಕೆ ಕೇಳಿದಳಂತೆ ರೀ" ಎಂದು ಆಂಟಿ ಗಂಡನಿಗೆ ಹೇಳುತ್ತಿದ್ದರು. "ಇಷ್ಟ್ ವರ್ಷದಲ್ಲಿ ಒಬ್ರೂ ನನ್ನನ್ನ ಹಂಗೆ ಕೇಳಿರ್ಲಿಲ್ಲ."

ಅಂದಿನಿಂದ ಆ ಮನೆಯ ಗಾಳಿಯೇ ಬದಲಾಯಿತು. ಸಂಜೆಯ ಕಾಫಿ ನಿಂತಿತು. ಹೊಸ ಪಾಸ್‌ವರ್ಡು ನನಗೆ ಸಿಗಲಿಲ್ಲ. ಕೇಳಿದರೆ, "ಲೈನೇ ಸರಿ ಇಲ್ಲ ಕಣೇ" ಎಂದರು. ಆದರೆ ಒಳಗೆ ಟಿವಿಯಲ್ಲಿ ಯೂಟ್ಯೂಬು ಓಡುತ್ತಿತ್ತು. ನಾನು ಮೆಟ್ಟಿಲು ಹತ್ತುವಾಗ ಬಾಗಿಲ ಸಂದಿಯಲ್ಲಿ ಅವರ ಕಣ್ಣಿರುತ್ತಿತ್ತು. ಒಂದು ಭಾನುವಾರ ಗೆಳತಿಯೊಬ್ಬಳು ಲ್ಯಾಪ್‌ಟಾಪ್ ಚೀಲ ಹೊತ್ತು ನನ್ನನ್ನು ನೋಡಲು ಬಂದಳು, ನಾಗರಬಾವಿಯಲ್ಲಿ ಓದುತ್ತಿದ್ದವಳು. ಆಂಟಿ ಗೇಟಿನಲ್ಲೇ ತಡೆದು, "ಬ್ಯಾಗ್ ಇಲ್ಲೇ ಇಟ್ ಹೋಗಮ್ಮಾ" ಎಂದರು. ಅವಳು ಬ್ಯಾಗನ್ನೂ ಇಡಲಿಲ್ಲ, ಮೇಲೂ ಬರಲಿಲ್ಲ. ನಾವಿಬ್ಬರೂ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದು ಬೀಳ್ಕೊಂಡೆವು. "ಆಕಿ ನಿನ್ ಮ್ಯಾಲೆ ಸಂಶೇ ಪಡಾಕತ್ತಾಳ. ರೂಮ್ ಬದಲು ಮಾಡು" ಎಂದಳು ಗೆಳತಿ.

ಸಂಶಯವೆಂಬುದು ಒಂದೇ ಕಡೆ ಕೂರುವುದಿಲ್ಲ. ಮೆಲ್ಲಗೆ ಅದು ನನಗೂ ತಗುಲಿತು. ಕೆಲಸ ಮುಗಿಸಿ ಬಂದಾಗ ನನ್ನ ಕೋಣೆಯಲ್ಲಿ ಯಾರೋ ಓಡಾಡಿದ ಹಾಗೆ ಅನ್ನಿಸುತ್ತಿತ್ತು. ಚಾಪೆಯ ಅಂಚು ಬೇರೆ ದಿಕ್ಕಿಗೆ ತಿರುಗಿದಂತೆ, ಕಪಾಟಿನ ಬಾಗಿಲು ನಾನು ಬಿಟ್ಟದ್ದಕ್ಕಿಂತ ಗಟ್ಟಿಯಾಗಿ ಮುಚ್ಚಿದಂತೆ. ಬೀಗದ ಎರಡನೆಯ ಕೀಲಿ ಆಂಟಿಯ ಬಳಿಯೇ ಇತ್ತು. ಒಂದು ಬೆಳಿಗ್ಗೆ ಬಸ್ ಟಿಕೆಟಿನ ಚೂರೊಂದನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಹೋದೆ. ಸಂಜೆ ಅದು ನೆಲದ ಮೇಲೆ ಬಿದ್ದಿತ್ತು. ಗಾಳಿಗೂ ಬಿದ್ದಿರಬಹುದು ಎಂದುಕೊಂಡು ಮರುದಿನ ಇನ್ನೂ ಬಿಗಿಯಾಗಿ ಸಿಕ್ಕಿಸಿದೆ. ಅದೂ ಬಿದ್ದಿತ್ತು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಿಸುತ್ತಾ "ಇದು ಸ್ಪಷ್ಟನಾ, ಇದು ಸ್ಪಷ್ಟನಾ" ಎಂದು ಕೇಳುವವಳಿಗೆ ನನ್ನದೇ ಕೋಣೆಯಲ್ಲಿ ಯಾವುದೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆಂಟಿ ನನ್ನ ಕೋಣೆಯಲ್ಲಿ ಏನು ಹುಡುಕುತ್ತಿದ್ದಾರೆ? ಅಥವಾ ತಾವೇ ಏನಾದರೂ ತಂದಿಟ್ಟು ನನ್ನ ಮೇಲೆ ಹೊರಿಸುವ ಯೋಚನೆಯೋ? ಹಾಸಿಗೆಯ ಕೆಳಗೆ, ಬಚ್ಚಲ ಅಟ್ಟದ ಮೇಲೆ ಎಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೂ ಸಮಾಧಾನ ಕೊಡಲಿಲ್ಲ.

ಕೋಣೆ ಬಿಡಬೇಕೆಂದು ನಿಶ್ಚಯಿಸಿ, ಗೋವಿಂದರಾಜನಗರದಲ್ಲಿ ಒಂದೆರಡು ಮನೆ ನೋಡಿಯೂ ಬಂದೆ. ಈಗ ಬಿಟ್ಟು ಹೋದರೆ ಮಾಡಿದವಳೇ ಓಡಿಹೋದಳು ಎನ್ನುತ್ತಾರೆ ಎಂಬ ಯೋಚನೆ ಬಂದು ಅಲ್ಲೇ ಉಳಿದೆ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಆಂಟಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ಸ್ವಲ್ಪ ಕೆಳಗ್ ಬಾಮ್ಮಾ."

ಹೋದೆ. ಮುಂದಿನ ಕೋಣೆಯಲ್ಲಿ ಕಂಪ್ಯೂಟರು ನಡೆಯುತ್ತಿತ್ತು, ಬಾಣ ತಾನಾಗಿ ಓಡಾಡುತ್ತಿತ್ತು. ಫೋನು ಸ್ಪೀಕರಿನಲ್ಲಿತ್ತು. ಟೀಪಾಯಿಯ ಮೇಲೆ ನನ್ನ ಕಪ್ಪು ಪೆಟ್ಟಿಗೆ.

ಆ ಪೆಟ್ಟಿಗೆ ನನ್ನ ಮಂಚದ ಕೆಳಗೆ, ಸೂಟ್‌ಕೇಸಿನ ಹಿಂದೆ ಇರುವಂಥದ್ದು. ಅಂದರೆ ಬಾಗಿಲ ಸಂದಿಯ ಕಾಗದ ಗಾಳಿಗೆ ಬಿದ್ದದ್ದಲ್ಲ.

"ಇದೇನು?" ಎಂದರು ಆಂಟಿ. ಅವರ ಕಣ್ಣು ನನ್ನನ್ನು ಬಿಡಲಿಲ್ಲ.

"ನೀವು ನನ್ ರೂಮಿಗೆ ಹೋಗಿದ್ರೇನ್ರೀ?"

"ಇದೇನು ಅಂತ ಕೇಳ್ದೆ. ಮೊದ್ಲು ಹೇಳು."

ಫೋನಿನಿಂದ ಆ ನಯವಾದ ದನಿ ಬಂತು. "ಅಮ್ಮಾ, ಅವ್ರು ಬಂದ್ರಾ? ಒಳಗೆ ಲೆನ್ಸ್ ಇದೆ ಅಂದ್ರಲ್ಲ. ಅದು ಕ್ಯಾಮೆರಾದ್ದು. ನಾನ್ ಹೇಳ್ಲಿಲ್ವಾ, ನಿಮ್ ಮನೆ ಒಳಗಡೆಯಿಂದಾನೇ ಯಾರೋ ಸಿಸ್ಟಮ್ ಹ್ಯಾಕ್ ಮಾಡ್ತಾ ಇದಾರೆ ಅಂತ."

ಆಗ ತಿಳಿಯಿತು. ಆಂಟಿಯ ತಲೆಯಲ್ಲಿ ನನ್ನ ಹೆಸರು ಹೊಳೆದದ್ದು ತಾನಾಗಿ ಅಲ್ಲ. ಮೇಲೆ ಯಾರಿದ್ದಾರೆ, ವೈಫೈ ಯಾರು ಬಳಸುತ್ತಾರೆ, ಅವಳ ಕೋಣೆಯಲ್ಲಿ ವಿಚಿತ್ರ ಸಾಮಾನೇನಾದರೂ ಇದೆಯೇ ನೋಡಿ ಎಂದು ಇವನು ದಿನವೂ ಸ್ವಲ್ಪ ಸ್ವಲ್ಪವಾಗಿ ಕಿವಿಗೆ ಹಾಕುತ್ತಾ ಬಂದಿದ್ದ.

ನಾನು ಪೆಟ್ಟಿಗೆ ತೆರೆದೆ. ನೇರಳೆ ಮಖಮಲ್ಲಿನ ಸಾಲುಗಳಲ್ಲಿ ದುಂಡನೆಯ ಗಾಜುಗಳು. ಪ್ರತಿಯೊಂದಕ್ಕೂ ಲೋಹದ ಸಣ್ಣ ಹಿಡಿಕೆ. ಕಣ್ಣು ಪರೀಕ್ಷಿಸುವ ಮಸೂರಗಳು. ಅಂಗಡಿಗೆ ಹೊಸ ಯಂತ್ರ ಬಂದಾಗ ಹಳೆಯ ಪೆಟ್ಟಿಗೆಯನ್ನು ನನಗೆ ಕೊಟ್ಟಿದ್ದರು. ರಜೆಯಲ್ಲಿ ಊರಿಗೆ ಹೋದಾಗ ಅಕ್ಕಪಕ್ಕದವರ ಕಣ್ಣು ನೋಡಲು ಇಟ್ಟುಕೊಂಡಿದ್ದೆ. ಹಾಗೆಂದು ಹೇಳಿದೆ. ಆಂಟಿಗೆ ಅರ್ಧ ನಂಬಿಕೆ, ಅರ್ಧ ಇಲ್ಲ. ನನಗೆ ಸಿಟ್ಟಿನಿಂದ ಅಳು ಬರುವಂತಾಗಿತ್ತು. ಒಂದು ಗಾಜು ತೆಗೆದು ಅವರ ಕನ್ನಡಕದ ಮುಂದೆ ಹಿಡಿದೆ.

"ಕಂಪ್ಯೂಟರ್ ನೋಡ್ರೀ. ಬಲಗಡೆ ಮೂಲ್ಯಾಗ ಸಣ್ಣ ಅಕ್ಷರದಾಗ ಏನ್ ಬರದೈತಿ ಓದ್ರೀ."

ಆಂಟಿ ಗಾಜಿನೊಳಗಿಂದ ತೆರೆಯ ಮೂಲೆಯನ್ನು ನೋಡಿದರು. ಅಷ್ಟು ದಿನ ಅವರಿಗೆ ಬರೀ ಬೂದು ಗೆರೆಯಾಗಿ ಕಂಡದ್ದು ಅಕ್ಷರವಾಯಿತು. ನಿಮ್ಮ ಕಂಪ್ಯೂಟರನ್ನು ಇನ್ನೊಬ್ಬರು ನಿಯಂತ್ರಿಸುತ್ತಿದ್ದಾರೆ ಎಂಬರ್ಥದ ಇಂಗ್ಲಿಷ್ ಸಾಲು.

"ಅದು ಗೊತ್ತಲ್ಲ. ಅವ್ನೇ ತಾನೇ ಕ್ಲೀನ್ ಮಾಡ್ತಾ ಇರೋದು" ಎಂದರು. ಗಾಜು ಗೆಲ್ಲಲಿಲ್ಲ.

ನಾನು ಫೋನಿನ ಕಡೆ ತಿರುಗಿದೆ. "ಯಾರ್ರೀ ನೀವು? ಯಾವ ಕಂಪನಿ? ನನ್ ಮ್ಯಾಲೆ ಯಾಕ್ ಹೇಳಾಕತ್ತೀರಿ?"

ಅದೇ ದನಿ, ಆದರೆ ಬೇರೆಯೇ ಕನ್ನಡದಲ್ಲಿ ಮಾತಾಡಿತು.

"ಅಕ್ಕಾರ, ಸಿಟ್ಟಾಗಬ್ಯಾಡ್ರೀ. ನಿಮ್ ಮಾತ್ ಕೇಳಿದ್ರ ನಮ್ ಕಡೇರಂಗ ಅನಸ್ತೈತಿ. ಯಾವೂರ್ರೀ ನಿಮ್ದು? ನಂದೂ ರಾಣೆಬೆನ್ನೂರ ಹಂತೇಕನ ಐತ್ರೀ. ನಾವ್ ನಾವ ಜಗಳಾ ಯಾಕ?"

ನಮ್ಮೂರಿನ ಮಾತು. ನನ್ನ ಅಣ್ಣನ ಬಾಯಿಂದ ಬಂದಷ್ಟು ಸಲೀಸು. ಒಂದು ಕ್ಷಣ ನನ್ನ ಸಿಟ್ಟು ತಗ್ಗಿದ್ದು ನಿಜ. ಬೆಂಗಳೂರಿನಲ್ಲಿ ಆ ಮಾತು ಕಿವಿಗೆ ಬಿದ್ದರೆ ನನಗೆ ಹಾಗಾಗುತ್ತದೆ.

ಆದರೆ ಆಂಟಿ ನೆಟ್ಟಗೆ ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಏನಪ್ಪಾ" ಎಂದರು ನಿಧಾನಕ್ಕೆ, "ಯಾವೂರು ಅಂದೆ?"

"ಅಮ್ಮಾ, ಅದೂ..."

"ಮದ್ದೂರು ಅಂದಿದ್ದೆ ನನಗೆ. ಅಪ್ಪನದು ಕಬ್ಬಿನ ಗದ್ದೆ, ಅಮ್ಮ ಶಿಂಷಾ ಹೊಳೆ ಹತ್ರ ಹುಟ್ಟಿದ್ದು ಅಂದಿದ್ದೆ. ಈಗ ರಾಣೆಬೆನ್ನೂರಾ?"

"ಅಮ್ಮಾ, ಅದು ನಮ್ಮಮ್ಮನ ಕಡೆ..."

"ಶಿಂಷಾ ಹತ್ರ ಹುಟ್ಟಿದ್ದು ನಿಮ್ಮಮ್ಮ ತಾನೇ? ಹಂಗಾದ್ರೆ ರಾಣೆಬೆನ್ನೂರಲ್ಲಿ ಯಾರು?"

ಜನ್ಮದಲ್ಲಿ ಎಷ್ಟು ಸಾಕ್ಷಿಗಳ ಪಾಟೀಸವಾಲನ್ನು ಆ ಬೆರಳುಗಳು ಟೈಪು ಮಾಡಿದ್ದವೋ, ಅವೆಲ್ಲವೂ ಆಗ ಆಂಟಿಯ ಮುಖದಲ್ಲಿ ಬಂದು ಕೂತಿದ್ದವು. ಊರು ಬದಲಾದರೆ ಏನು ಮಹಾ ಎಂದು ನೀವು ಕೇಳಬಹುದು. ಒಂದು ಕಡೆ ಹೇಳಿಕೆ ಬದಲಿಸಿದವನು ಎಲ್ಲ ಕಡೆಯೂ ಬದಲಿಸಿರುತ್ತಾನೆ ಎಂಬುದು ಆಂಟಿಯ ಕಸುಬಿನ ಮೊದಲ ಪಾಠ.

"ನಿಮ್ಮ ಆಫೀಸ್ ಎಲ್ಲಿ ಅಂದಿದ್ದೆ?" ಎಂದರು.

"ರಾಜಾಜಿನಗರ ಅಮ್ಮಾ."

"ಸರಿ. ಇಲ್ಲಿಂದ ಎಷ್ಟ್ ದೂರ? ಈಗ್ಲೇ ಬರ್ತೀನಿ. ಯಾವ್ ಬ್ಲಾಕು, ಹತ್ರ ಏನಿದೆ ಹೇಳು."

ತೆರೆಯ ಮೇಲಿನ ಬಾಣ ಹುಚ್ಚು ಹಿಡಿದಂತೆ ಓಡತೊಡಗಿತು. ಒಂದಾದ ಮೇಲೊಂದು ಕಡತಗಳ ಮೇಲೆ ನೀಲಿ ಬಣ್ಣ ಹರಡಿತು. ಆಮೇಲೆ ಅದೇ ದನಿ, ಅಮ್ಮ ಅಕ್ಕ ಯಾವುದೂ ಇಲ್ಲದೆ, ಮರದ ತುಂಡಿನಂತೆ ಹೇಳಿತು. "ಸುಮ್ನೆ ಇರಿ. ಇಲ್ಲಾಂದ್ರೆ ಎಲ್ಲಾ ಡಿಲೀಟ್ ಮಾಡ್ತೀನಿ. ನಿಮ್ ವಕೀಲರ ಫೈಲೆಲ್ಲಾ ನನ್ ಹತ್ರ ಇದೆ."

"ಆಂಟಿ, ಪ್ಲಗ್ ಕೀಳ್ರೀ!" ಎಂದು ಕೂಗಿದೆ.

ಆಂಟಿ ಮೇಜಿನ ಕೆಳಗೆ ಬಗ್ಗಿ, ಸ್ವಿಚ್ಚನ್ನೂ ಹುಡುಕದೆ, ತಂತಿಯನ್ನೇ ಎರಡೂ ಕೈಯಲ್ಲಿ ಹಿಡಿದು ಎಳೆದರು. ಸ್ವಿಚ್ ಬೋರ್ಡು ಗೋಡೆಯಿಂದ ಕಿತ್ತುಬಂದು ಜೋತುಬಿತ್ತು. ತೆರೆ ಕಪ್ಪಾಯಿತು. ನಾನು ಫೋನ್ ಕಟ್ ಮಾಡಿ, ವೈಫೈ ಪೆಟ್ಟಿಗೆಯನ್ನೂ ಆರಿಸಿದೆ. ಆಂಟಿ ಮೇಜಿನ ಕೆಳಗಿಂದ ಏಳಲೇ ಇಲ್ಲ. ಅಲ್ಲೇ ನೆಲದ ಮೇಲೆ, ಧೂಳು ಹಿಡಿದ ತಂತಿಗಳ ನಡುವೆ ಕೂತು, "ನಾನೇ ಅವ್ನಿಗೆ ಬಾಗಿಲು ತೆಗೆದೆ ಕಣೇ. ನಾನೇ ಕರ್ದೆ" ಎಂದರು.

ಕರೆದದ್ದು ಹೇಗೆಂದು ಆಮೇಲೆ ಹೇಳಿದರು. ಹಿಂದೊಮ್ಮೆ ಕನ್ನಡ ಅಕ್ಷರಗಳ ಫಾಂಟು ಹುಡುಕುವಾಗ ತೆರೆ ತುಂಬ ಕೆಂಪು ಬಣ್ಣ ಬಂದು, ಆಂಬುಲೆನ್ಸಿನಂಥ ಸದ್ದು ಹೊಡೆದುಕೊಂಡಿತಂತೆ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆರಿಸಬೇಡಿ, ತಕ್ಷಣ ಈ ನಂಬರಿಗೆ ಕರೆ ಮಾಡಿ. ವೈರಸ್ ಎಂದರೆ ಜೀವ ಹಾರಿಹೋಗುವಷ್ಟು ಹೆದರುತ್ತಿದ್ದ ಆಂಟಿ ಕರೆ ಮಾಡಿದರು. ಅವನು ಹೇಳಿದ್ದನ್ನು ಇಳಿಸಿಕೊಂಡರು, ಒಂದು ವರ್ಷದ ರಕ್ಷಣೆಗೆಂದು ಶುಲ್ಕವನ್ನೂ ಕಟ್ಟಿದರು. ಹಳೆಯ ಆಂಟಿವೈರಸ್ಸು ಅಡ್ಡ ಬರುತ್ತದೆಂದು ತೆಗೆಸಿ, ವೈರಸ್ ಪರೀಕ್ಷೆಗೆ ತನ್ನದೇ ಒಂದನ್ನು ಹಾಕಿಸಿದ್ದ. ಹೀಗೆ, ಪೆನ್ ಡ್ರೈವನ್ನು ಬಟ್ಟೆಯಲ್ಲಿ ಒರೆಸಿ ಒಳಗೆ ಬಿಡುತ್ತಿದ್ದ ಮನೆಗೆ ಅವನು ತಲೆಬಾಗಿಲಿನಿಂದಲೇ ಬಂದಿದ್ದ.

ಅಂದು ಸಂಜೆಯೇ ಹುಬ್ಬಳ್ಳಿಯಿಂದ ಅಂಕಲ್ ಫೋನಿನಲ್ಲಿ ಹೇಳುತ್ತಾ ಹೋದಂತೆ, ನನ್ನ ಫೋನಿನಿಂದ ಆಂಟಿಯ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆವು. ಬ್ಯಾಂಕಿಗೂ ಸೈಬರ್ ದೂರಿನ ಸಹಾಯವಾಣಿಗೂ ಆಂಟಿಯೇ ಮಾತಾಡಿದರು. ಪಾಸ್‌ವರ್ಡು ಒತ್ತುವಾಗ ನಾನು ಮುಖ ಆಚೆ ತಿರುಗಿಸಿದೆ. "ನೋಡು ಪರ್ವಾಗಿಲ್ಲ" ಎಂದರು. ನಾನು ನೋಡಲಿಲ್ಲ. ನನ್ನ ಮನಸ್ಸು ಇನ್ನೂ ಅಷ್ಟು ಹಗುರಾಗಿರಲಿಲ್ಲ.

ಮರುದಿನ ರಿಪೇರಿಯವರು ಕಂಪ್ಯೂಟರನ್ನು ತೆಗೆದುಕೊಂಡು ಹೋಗಿ ಇಡೀ ಡಿಸ್ಕ್ ಅಳಿಸಿ ಹೊಸದಾಗಿ ಎಲ್ಲ ಹಾಕಿಕೊಟ್ಟರು. ಅಳಿಸುವ ಮುಂಚೆ, ಹಳೆಯ ಕಡತ ಉಳಿಸಿದರೆ ವೈರಸ್ಸೂ ಉಳಿಯಬಹುದು, ಕೆಲಸದ ಪ್ರತಿ ಬೇರೆ ಕಡೆ ಇಟ್ಟಿದ್ದೀರಾ ಎಂದು ಕೇಳಿದ್ದರು. ಆಂಟಿ ಇಟ್ಟಿರಲಿಲ್ಲ. ಬೇರೆಯವರ ಕೈಗೆ ಸಿಗುತ್ತದೆ ಎಂಬ ಹೆದರಿಕೆಗೇ ಎಲ್ಲೂ ಪ್ರತಿ ಇಡುತ್ತಿರಲಿಲ್ಲ. ನಡೆಯುತ್ತಿದ್ದ ಕೇಸುಗಳ ಕರಡುಗಳೆಲ್ಲ ಹೋದವು.

ಆಮೇಲೆ ಆಂಟಿ ಮಾಡಿದ ಕೆಲಸವನ್ನು ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ. ವಕೀಲರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ನನ್ನ ಕಂಪ್ಯೂಟರಿನಿಂದಲೇ ಹೋಗಿದೆ, ಹೀಗೆ ಹೋಗಿದೆ ಎಂದು ಹೇಳಿದರು. ಇಬ್ಬರು ಮಾತು ಮುಗಿಯುವ ಮುಂಚೆಯೇ ಫೋನಿಟ್ಟರು. ಹಿರಿಯ ವಕೀಲರು ಬೈದರು. ಬೈದು ಮುಗಿದ ಮೇಲೆ, ಆ ಹೆಣ್ಣುಮಗಳಿಗೆ ನೀವೇ ಹೇಳಿ ಎಂದರು.

ಆಕೆಯಿದ್ದದ್ದು ಮಾಗಡಿ ರಸ್ತೆಯಿಂದ ಒಳಗೆ, ಬಾಡಿಗೆ ಮನೆಗಳು ಒತ್ತಿ ನಿಂತ ಒಂದು ಬೀದಿಯಲ್ಲಿ. ಆಂಟಿಯ ಸ್ಕೂಟರನ್ನು ನಾನು ಓಡಿಸಿದೆ, ಆಂಟಿ ಹಿಂದೆ ಕೂತರು. ಆಕೆ ಕಬ್ಬಿಣದ ಗ್ರಿಲ್ ತೆರೆಯಲಿಲ್ಲ. ಹಿಂದಿನಿಂದ ಕುಕ್ಕರ್ ಕೂಗುತ್ತಿತ್ತು.

"ನಾನೇ ಟೈಪಿಸ್ಟು ಕಣಮ್ಮಾ" ಎಂದರು ಆಂಟಿ.

"ಹಂಗಂತ ನಾನ್ ಹೆಂಗ್ ನಂಬ್ಲಿ?" ಎಂದಳು ಆಕೆ. "ಮೊನ್ನೆ ಫೋನ್ ಮಾಡಿದೋನೂ ಕೋರ್ಟಿಂದಾನೇ ಅಂದ."

ಆಂಟಿ ಬಿಸಿಲಲ್ಲಿ ನಿಂತೇ ನಡೆದದ್ದನ್ನು ಹೇಳಿದರು. ವೈರಸ್, ಕೆಂಪು ಪುಟ, ಮದ್ದೂರು, ಎಲ್ಲ. ಯಾವುದನ್ನೂ ಮುಚ್ಚಲಿಲ್ಲ. ಆ ಮಾತುಗಳನ್ನು ಇನ್ನೊಬ್ಬ ಓದಿದ್ದು ತಮ್ಮಿಂದ ಎಂದು ಹೇಳುವಾಗ ಗ್ರಿಲ್ಲಿನ ಸರಳು ಹಿಡಿದುಕೊಂಡರು. ಆಕೆ ಕೇಳಿಸಿಕೊಂಡಳು. ಮತ್ತೆ ಆ ಫೋನ್ ಬಂದರೆ ಮಾತಾಡಬೇಡಿ, ದೂರಿನ ಪ್ರತಿ ನಿಮ್ಮ ವಕೀಲರ ಬಳಿ ಇದೆ ಎಂದು ಆಂಟಿ ಹೇಳಿದರು. "ಸರಿ" ಎಂದಳು ಆಕೆ. ಗ್ರಿಲ್ ಕೊನೆಗೂ ತೆರೆಯಲಿಲ್ಲ. ನಾವು ತಿರುಗಿದಾಗ ಮಾತ್ರ, "ಬಿಸ್ಲಿದೆ, ನೀರ್ ಬೇಕಾ?" ಎಂದಳು. ಸರಳುಗಳ ನಡುವೆ ಲೋಟ ಕೊಟ್ಟಳು. ಆಂಟಿ ಪೂರ್ತಿ ಕುಡಿದರು. ಅವನ ಫೋನು ಆಕೆಗೆ ಮತ್ತೊಮ್ಮೆ ಬಂದಿತಂತೆ. ದೂರು ಕೊಟ್ಟಾಗಿದೆ ಎಂದ ಕೂಡಲೇ ಇಟ್ಟನಂತೆ. ಆಮೇಲೆ ಬಂದ ಸುದ್ದಿಯಿಲ್ಲ. ಅವನು ಸಿಕ್ಕಲೂ ಇಲ್ಲ. ಅವನ ನಿಜವಾದ ಕನ್ನಡ ಯಾವುದಿತ್ತೋ ಎಂದು ನಾನು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ.

ಹಿರಿಯ ವಕೀಲರು ಕೆಲಸ ನಿಲ್ಲಿಸಲಿಲ್ಲ, ಆದರೆ ಷರತ್ತು ಹಾಕಿದರು. ಕೇಸಿನ ಟೈಪಿಂಗ್ ಮಾಡುವ ಕಂಪ್ಯೂಟರಿಗೆ ಇಂಟರ್‌ನೆಟ್ ಇರಕೂಡದು. ಆಂಟಿ ಒಪ್ಪಿದರು. ಮೇಲ್ ನೋಡಲು ಬೇರೆ ಹಳೆಯ ಲ್ಯಾಪ್‌ಟಾಪ್ ಬಂತು. ಅದನ್ನು ಅಡುಗೆಮನೆಯ ಪಕ್ಕ, ಮೊದಲಿನದಕ್ಕೆ ಆದಷ್ಟು ದೂರದಲ್ಲಿ ಇಟ್ಟರು. ಕೆಲಸದ ಪ್ರತಿಗಳಿರುವ ಡಿಸ್ಕು ಕಪಾಟಿನೊಳಗೆ, ರೇಷ್ಮೆ ಸೀರೆಗಳ ಜೊತೆ ಸೇರಿತು.

ನನ್ನ ವಿಷಯಕ್ಕೆ ಬಂದರೆ, ಆಂಟಿ ಕ್ಷಮಿಸು ಎಂಬ ಮಾತನ್ನು ಆಡಲಿಲ್ಲ. ಹೊಸ ಪಾಸ್‌ವರ್ಡು ಕೊಟ್ಟರು, ನನ್ನ ಕೋಣೆಯ ಎರಡನೆಯ ಕೀಲಿಯನ್ನು ನನ್ನ ಕೈಗೇ ಹಾಕಿದರು, ಕಾಫಿ ಮತ್ತೆ ಶುರುವಾಯಿತು. ನಾನು ಕಾಫಿ ಕುಡಿಯುತ್ತಿದ್ದೆ, ಆದರೂ ಬೆಳಿಗ್ಗೆ ಹೋಗುವಾಗ ಕೈ ತಾನಾಗಿ ಬಾಗಿಲ ಸಂದಿಗೆ ಕಾಗದ ಹುಡುಕುತ್ತಿತ್ತು. ಒಂದು ದಿನ ಬೆಳಿಗ್ಗೆ ಆಂಟಿ ನೇರವಾಗಿ ಕೇಳಿದರು.

"ನಿಮ್ಮಮ್ಮನ ನಂಬರ್ ಕೊಡು."

"ಯಾಕ್ರೀ?"

"ಅವರ ಮಗಳ ರೂಮಿಗೆ ಕಳ್ಳೀ ಹಂಗೆ ನುಗ್ಗಿದೀನಿ. ನಿಂಗೆ ಹೇಳಕ್ಕೆ ಬಾಯಿ ಬರ್ತಾ ಇಲ್ಲ. ಅವ್ರಿಗಾದ್ರೂ ಹೇಳ್ತೀನಿ."

ಕೊಟ್ಟೆ. ಆಂಟಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಸ್ಪೀಕರಿಗೆ ಹಾಕಿ ಕರೆ ಮಾಡಿದರು.

"ನಮಸ್ಕಾರಮ್ಮಾ, ನಾನು ಬೆಂಗಳೂರಿಂದ ಮಾತಾಡ್ತಾ ಇದೀನಿ. ನಿಮ್ ಮಗಳು ಇರೋ ಮನೆ ಓನರು. ನಿಮ್ ಮಗಳ ವಿಷ್ಯ ಸ್ವಲ್ಪ ಮಾತಾಡ್ಬೇಕಿತ್ತು..."

"ಏನಾಗೇತಿ ನನ್ ಮಗಳಿಗೆ?" ಎಂದಳು ಅವ್ವ. ಮರುಕ್ಷಣ ಅವಳ ದನಿ ಗಟ್ಟಿಯಾಯಿತು. "ತಡೀರಿ, ತಡೀರಿ. ಯಾರಂದ್ರಿ ನೀವು? ನಮ್ ಓಣ್ಯಾಗ ಒಬ್ಬಾಕಿಗೆ ಹಿಂಗ ಫೋನ್ ಬಂದಿತ್ತು. ಮಗಾ ಪೊಲೀಸ್ ಸ್ಟೇಷನ್‌ನ್ಯಾಗ ಅದಾನು ಅಂತ. ನಿಮ್ಮಂಥಾವ್ರ ಆಟ ನನ್ ಮುಂದ ನಡ್ಯೂದಿಲ್ಲ. ಇಡ್ರಿ ಫೋನು."

ಕರೆ ಕಟ್ಟಾಯಿತು. ಆಂಟಿ ಬಾಯಿ ತೆರೆದುಕೊಂಡು ನನ್ನನ್ನು ನೋಡಿದರು. ನಾನು ಅವರದೇ ಫೋನಿನಿಂದ ಮತ್ತೆ ಕರೆ ಮಾಡಿದೆ.

"ಅವ್ವಾ, ನಾನು."

"ದನಿ ಆಕೀದಂಗ ಐತಿ" ಎಂದಳು ಅವ್ವ, ಪಕ್ಕದಲ್ಲಿದ್ದ ಯಾರಿಗೋ. ಆಮೇಲೆ ನನಗೆ, "ಹಂಗಾರ ಹೇಳು. ಹೋದ ಸುಗ್ಗ್ಯಾಗ ನಾ ಜಾರಿ ಬಿದ್ದಾಗ ಯಾವ ಕಾಲಿಗೆ ಪೆಟ್ಟಾಗಿತ್ತು?"

"ಕಾಲಿಗಲ್ಲವ್ವಾ, ಕೈಗೆ. ಎಡಗೈಗೆ."

"ಹೂಂ" ಎಂದಳು. ಒಂದು ಗಳಿಗೆ ಯೋಚಿಸಿ, "ಆತು, ಕೊಡು ಅವ್ರಿಗೆ" ಎಂದಳು.

ನಾನು ಫೋನನ್ನು ಆಂಟಿಯ ಕೈಗೆ ಕೊಟ್ಟು, ಅವರಿಬ್ಬರೂ ಏನು ಮಾತಾಡುತ್ತಾರೋ ಆಡಲಿ ಎಂದು ಕೆಲಸಕ್ಕೆ ಹೊರಟೆ.